ತಾನಾಗಿಯೇ ಇಳಿದ ಬಿಪಿ: ಸಿರೋಸಿಸ್ ಇದ್ದ ಒಬ್ಬ ನೀರುಗಂಟಿಯ ಪ್ರಕರಣ

"ಬಿಪಿ ಮಾತ್ರ ಈಗ ಚೆನ್ನಾಗಿದೆ ಡಾಕ್ಟ್ರೇ. ಆ ಚಿಂತೆ ಒಂದಿಲ್ಲ."

ಮಗಳು ಹೇಳಿದ ಮೊದಲ ಮಾತೇ ಇದು. ಅವರ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ತಂದೆಯ ಬಿಪಿಯನ್ನು ಅದರಲ್ಲಿ ಹಬ್ಬ ಹಬ್ಬಕ್ಕೆ ಬರೆದಿಟ್ಟಿದ್ದರು. ಹೋದ ವರ್ಷ ಯುಗಾದಿಗೆ 152/94. ಗಣೇಶನ ಹಬ್ಬಕ್ಕೆ 128/78. ದೀಪಾವಳಿಗೆ 112/70. ಸಂಕ್ರಾಂತಿಗೆ 104/62. ಹನ್ನೊಂದು ವರ್ಷ ಮಾತ್ರೆ ನುಂಗಿದರೂ ಬಗ್ಗದಿದ್ದ ಬಿಪಿ, ಒಂದೇ ವರ್ಷದಲ್ಲಿ ತಾನಾಗಿಯೇ ಇಳಿದಿತ್ತು. ಮನೆಯವರೆಲ್ಲ ಖುಷಿಯಾಗಿದ್ದರು.

ನನಗೆ ಆ ಪುಟ ನೋಡಿ ಎದೆ ಧಸಕ್ ಎಂದಿತು. ಯಾಕೆ ಅನ್ನುವುದನ್ನು ಹೇಳುವುದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ರೋಗಿಯ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಕಾಯಿಲೆ ನಡೆದ ದಾರಿಯನ್ನು ಬದಲಿಸಿಲ್ಲ.

ಅವರಿಗೆ 58 ವರ್ಷ. ದಾವಣಗೆರೆ ಕಡೆಯ ಹಳ್ಳಿ. ತಲೆಮಾರಿನಿಂದ ಬಂದ ನೀರುಗಂಟಿ ಕೆಲಸ. ಕೆರೆಯ ತೂಬು ಎತ್ತುವುದು, ಯಾವ ಗದ್ದೆಗೆ ಯಾವಾಗ ನೀರು ಅಂತ ಸರದಿ ನೋಡಿಕೊಳ್ಳುವುದು. ಹೆಂಡ ಸಾರಾಯಿ ಜೀವನದಲ್ಲಿ ಮುಟ್ಟಿದವರಲ್ಲ. ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಹಿಂದೆ ಒಳ್ಳೆಯ ಮೈಕಟ್ಟು, ಜೊತೆಗೆ ಹೊಟ್ಟೆ. ಸಕ್ಕರೆ ಕಾಯಿಲೆ ಮತ್ತು ಕೊಬ್ಬು ಸೇರಿ ಲಿವರ್ ಹಾಳಾಗಿತ್ತು. "ಕುಡಿಯದವರಿಗೆ ಇದು ಹೇಗೆ ಬಂತು?" ಅಂತ ಊರಲ್ಲಿ ಕೇಳುತ್ತಾರಂತೆ. ಆ ಪ್ರಶ್ನೆಗೆ ಮನೆಯವರು ತುಂಬಾ ನೊಂದಿದ್ದರು. ಲಿವರ್ ಕೆಡಲು ಕುಡಿತವೇ ಬೇಕಿಲ್ಲ. ಹೆಪಟೈಟಿಸ್ ಬಿ, ಸಿ ವೈರಸ್, ಸಕ್ಕರೆ ಕಾಯಿಲೆ, ಬೊಜ್ಜು ಇವೂ ಸಾಕು.

ನಾಲ್ಕು ತಿಂಗಳ ಹಿಂದೆ ಕಾಲು ಊದಿಕೊಂಡಿದೆ ಅಂತ ನಮ್ಮ ಹೊರರೋಗಿ ವಿಭಾಗಕ್ಕೆ ಒಮ್ಮೆ ಬಂದಿದ್ದರು. ಸ್ಕ್ಯಾನಿಂಗ್‌ನಲ್ಲಿ ಸಿರೋಸಿಸ್, ಅಂದರೆ ಲಿವರ್ ತುಂಬಾ ಗಟ್ಟಿ ನಾರು ಬೆಳೆಯುವ ಕಾಯಿಲೆ, ಕಂಡಿತ್ತು. ಹೊಟ್ಟೆಯಲ್ಲಿ ಸ್ವಲ್ಪ ನೀರಿತ್ತು. ಕ್ರಿಯಾಟಿನಿನ್ 0.9, ಅಂದರೆ ಕಿಡ್ನಿ ಚೆನ್ನಾಗಿತ್ತು. ನೀರಿಳಿಸುವ ಮಾತ್ರೆ ಕೊಟ್ಟು, ಎಂಡೋಸ್ಕೋಪಿಗೆ ಬರಲು ಹೇಳಿದ್ದೆ. ಬೆಳೆಗೆ ನೀರು ಬಿಡುವ ಕಾಲ, ಬರಲಾಗಲಿಲ್ಲ. ಆ ದಿನದ ಚೀಟಿಯಲ್ಲಿ "ಬಿಪಿ 112/70, ನಾರ್ಮಲ್, ಬಿಪಿ ಮಾತ್ರೆ ಮುಂದುವರಿಸಿ" ಅಂತ ಬರೆದಿದೆ. ಆ ಕೈಬರಹ ನನ್ನದೇ. ಅದು ನಾರ್ಮಲ್ ಆಗಿರಲಿಲ್ಲ. ಅವತ್ತೇ ಟೆಲ್ಮಿಸಾರ್ಟನ್ ಎಂಬ ಆ ಬಿಪಿ ಮಾತ್ರೆ ನಿಲ್ಲಿಸಬೇಕಿತ್ತು.

ಈ ಸಲ ಬಂದಾಗ ಹೊಟ್ಟೆ ಮಡಕೆಯ ಹಾಗೆ ಬಿಗಿದಿತ್ತು. ತೋಳು, ತೊಡೆ ಒಣಗಿದ್ದವು. ಮಂಡಿ ನೋವು ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನ್ಯಾಕ್ ತಂದು ಏಳು ದಿನ ತಿಂದಿದ್ದರು. ಮೂರು ದಿನದಿಂದ ಮೂತ್ರ ಕಡಿಮೆ. ಮಾತು ನಿಧಾನ, ಆದರೆ ಬುದ್ಧಿ ಸ್ಪಷ್ಟವಾಗಿತ್ತು.

ಬಿಪಿ 92/54. ನಾಡಿ ನಿಮಿಷಕ್ಕೆ 104. ಇಷ್ಟು ಕಡಿಮೆ ಬಿಪಿ ಇರುವವರ ಕೈ ಹಿಡಿದರೆ ಸಾಮಾನ್ಯವಾಗಿ ತಣ್ಣಗಿರುತ್ತದೆ. ರಕ್ತ ಹೋದವರಲ್ಲಿ, ವಾಂತಿಭೇದಿಯಿಂದ ಬಳಲಿದವರಲ್ಲಿ ಹಾಗೇ. ನಾಡಿ ದಾರದ ಹಾಗೆ ಸಿಗುತ್ತದೆ. ಇವರ ಕೈ ಬಿಸಿಯಾಗಿತ್ತು. ಅಂಗೈ ಕೆಂಪಗಿತ್ತು. ನಾಡಿ ಬೆರಳಿಗೆ ಕುಟ್ಟಿ ಕುಟ್ಟಿ ಸಿಗುತ್ತಿತ್ತು. ಎದೆಯ ಮೇಲೆ ಜೇಡದ ಕಾಲಿನಂತೆ ಕವಲೊಡೆದ ಸಣ್ಣ ಕೆಂಪು ಚುಕ್ಕೆಗಳು. ಹೃದಯದ ಎಕೋ ಮಾಡಿಸಿದೆವು. ಹೃದಯ ಜೋರಾಗಿಯೇ ಪಂಪ್ ಮಾಡುತ್ತಿತ್ತು.

ಹಾಗಾದರೆ ಬಿಪಿ ಎಲ್ಲಿಗೆ ಹೋಯಿತು?

ಸಿರೋಸಿಸ್ ಇರುವವರ ಹೃದಯ ಜಾಸ್ತಿ ರಕ್ತ ಪಂಪ್ ಮಾಡುತ್ತದೆ ಅನ್ನುವುದನ್ನು 1953ರಲ್ಲೇ ಕೊವಾಲ್‌ಸ್ಕಿ ಮತ್ತು ಏಬಲ್‌ಮನ್ ಎಂಬ ವೈದ್ಯರು ಅಳೆದು ತೋರಿಸಿದ್ದರು. ಬಿಸಿ ಕೈ, ಕುಟ್ಟುವ ನಾಡಿಯನ್ನೂ ಗಮನಿಸಿದ್ದರು. ಪಂಪ್ ಜೋರಾಗಿದ್ದೂ ಒತ್ತಡ ಕಡಿಮೆ ಇದೆ ಅಂದರೆ ಅರ್ಥ ಒಂದೇ: ಎಲ್ಲೋ ರಕ್ತನಾಳಗಳು ಅಗಲವಾಗಿ ತೆರೆದುಕೊಂಡಿವೆ. ಅವನ್ನು ತೆರೆಯುತ್ತಿರುವುದು ಏನು ಅನ್ನುವುದು ಮಾತ್ರ ಎಷ್ಟೋ ವರ್ಷ ಗೊತ್ತಿರಲಿಲ್ಲ.

ಉತ್ತರ ಬೇರೆ ಕಡೆಯಿಂದ ಬಂತು. ರಕ್ತನಾಳದ ಒಳಗೋಡೆಗೆ ಒಂದೇ ಕೋಶದಷ್ಟು ತೆಳುವಾದ ಪದರ ಇರುತ್ತದೆ. ಅದು ಏನನ್ನೋ ಬಿಡುಗಡೆ ಮಾಡಿ ನಾಳವನ್ನು ಸಡಿಲ ಮಾಡುತ್ತದೆ ಅಂತ 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಅದು ನೈಟ್ರಿಕ್ ಆಕ್ಸೈಡ್ ಅನಿಲ ಅಂತ 1987ರ ಹೊತ್ತಿಗೆ ಗೊತ್ತಾಯಿತು. (ಆಪರೇಷನ್ ಥಿಯೇಟರಿನಲ್ಲಿ ಮೂಸಿಸುವ ನೈಟ್ರಸ್ ಆಕ್ಸೈಡ್ ಬೇರೆ, ಇದು ಬೇರೆ. ತುಂಬಾ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.) 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ಇದಕ್ಕೆ ನೊಬೆಲ್ ಬಂತು. ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಒಳಪದರವೇ ಇದನ್ನು ತಯಾರಿಸುತ್ತದೆ. ಇದರ ಆಯುಸ್ಸು ಕೆಲವೇ ಸೆಕೆಂಡು. ಅಷ್ಟರಲ್ಲಿ ಪಕ್ಕದ ಸ್ನಾಯುವಿನೊಳಗೆ ನುಸುಳಿ "ಸಡಿಲವಾಗು" ಅಂತ ಹೇಳಿ ಮುಗಿಸುತ್ತದೆ. ಹುಟ್ಟಿದ ಜಾಗದ ಅಕ್ಕಪಕ್ಕದಲ್ಲೇ ಅದರ ಕೆಲಸ. ಈ ಮಾತು ಮುಂದೆ ಬೇಕಾಗುತ್ತದೆ.

ಸಿರೋಸಿಸ್‌ನಲ್ಲಿ ನಾಳಗಳನ್ನು ತೆರೆಯುತ್ತಿರುವುದು ಇದೇ ಇರಬಹುದು ಅಂತ 1991ರಲ್ಲಿ ಪ್ಯಾಟ್ರಿಕ್ ವ್ಯಾಲನ್ಸ್ ಮತ್ತು ಸಾಲ್ವಡಾರ್ ಮೊಂಕಾಡಾ ಹೇಳಿದರು. ನಂತರದ ಸಂಶೋಧನೆ ಅದನ್ನು ಬಹುಮಟ್ಟಿಗೆ ಒಪ್ಪಿತು. ಆದರೆ ಕಥೆ ಅಷ್ಟು ಸರಳ ಅಲ್ಲ. ನೈಟ್ರಿಕ್ ಆಕ್ಸೈಡ್ ಮೈಯೆಲ್ಲ ಜಾಸ್ತಿ ಆಗುವುದಿಲ್ಲ. ಲಿವರ್ ಒಳಗೆ ಕಡಿಮೆ ಆಗುತ್ತದೆ. ಲಿವರ್ ಹೊರಗೆ, ಕರುಳಿನ ನಾಳಗಳಲ್ಲಿ ಜಾಸ್ತಿ ಆಗುತ್ತದೆ. ಬೇಕಾದ ಕಡೆ ಬರಗಾಲ, ಬೇಡದ ಕಡೆ ನೆರೆ.

ಲಿವರ್‌ಗೆ ಬರುವ ರಕ್ತದ ಸುಮಾರು ಮುಕ್ಕಾಲು ಭಾಗ ಪೋರ್ಟಲ್ ರಕ್ತನಾಳದಿಂದ ಬರುತ್ತದೆ. ಕರುಳು ಮತ್ತು ಗುಲ್ಮದ ರಕ್ತವನ್ನೆಲ್ಲ ಒಟ್ಟುಗೂಡಿಸಿ ತರುವ ದೊಡ್ಡ ಕಾಲುವೆ ಅದು. ಸಿರೋಸಿಸ್ ಆದಾಗ ಲಿವರ್ ತುಂಬಾ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ರಕ್ತಕ್ಕೆ ದಾರಿ ಇಲ್ಲವಾಗುತ್ತದೆ. ಅಡ್ಡಿಗೆಲ್ಲ ಈ ನಾರೇ ಕಾರಣ ಅಂತ ಬಹಳ ಕಾಲ ಅಂದುಕೊಂಡಿದ್ದೆವು. ಆದರೆ ಅಡ್ಡಿಯ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ನಾರಿನದಲ್ಲ, ಬಿಗಿತದ್ದು. ಲಿವರ್ ಒಳಗಿನ ಸಣ್ಣ ನಾಳಗಳ ಪದರದಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಇರುತ್ತದೆ. ಆದರೆ ಕ್ಯಾವಿಯೋಲಿನ್ ಎಂಬ ಪ್ರೋಟೀನ್ ಅದನ್ನು ಕಟ್ಟಿಹಾಕಿರುತ್ತದೆ. ತಯಾರಾದ ಅಲ್ಪಸ್ವಲ್ಪವನ್ನೂ ಕೆಟ್ಟ ಆಮ್ಲಜನಕ ಕಣಗಳು ನುಂಗಿಬಿಡುತ್ತವೆ. ಆಗ ನಾಳವನ್ನು ಸುತ್ತಿಕೊಂಡಿರುವ ಸ್ಟೆಲೇಟ್ ಕೋಶಗಳು ಅದನ್ನು ಹಿಂಡುತ್ತವೆ. ನಾರು ಹಾಕಿದ ತಡೆಯ ಮೇಲೆ ಇನ್ನೊಂದು ತಡೆ.

ಹೀಗೆ ಪೋರ್ಟಲ್ ನಾಳದಲ್ಲಿ ಒತ್ತಡ ಏರುತ್ತದೆ. ಲಿವರ್‌ಗೆ ಒಳಬರುವ ಮತ್ತು ಹೊರಹೋಗುವ ಒತ್ತಡದ ವ್ಯತ್ಯಾಸ ಸಾಮಾನ್ಯವಾಗಿ ಪಾದರಸದ 5 ಮಿಲಿಮೀಟರ್ ದಾಟುವುದಿಲ್ಲ. 10 ಮುಟ್ಟಿದರೆ ತೊಂದರೆಗಳು ಶುರು. 12 ದಾಟಿದರೆ ಅನ್ನನಾಳದ ಉಬ್ಬಿದ ನಾಳಗಳು ಒಡೆದು ರಕ್ತವಾಂತಿ ಆಗಬಹುದು. ಒತ್ತಡ ಏರಿದ್ದೇ ತಡ, ಕರುಳಿನ ನಾಳಗಳು ಉಲ್ಟಾ ಕೆಲಸ ಮಾಡುತ್ತವೆ. ಅವು ನೈಟ್ರಿಕ್ ಆಕ್ಸೈಡ್ ಜಾಸ್ತಿ ಮಾಡಿ ಇನ್ನಷ್ಟು ಅಗಲವಾಗುತ್ತವೆ. ಹೆಚ್ಚು ರಕ್ತ ಕರುಳಿಗೆ ನುಗ್ಗುತ್ತದೆ. ಅಲ್ಲಿಂದ ಅದು ಪೋರ್ಟಲ್ ನಾಳಕ್ಕೇ ಬರಬೇಕು. ಒತ್ತಡ ಮತ್ತೂ ಏರುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ. ಜೊತೆಗೆ ಕರುಳಿನ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾ ಮತ್ತು ಅದರ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಅವು ಬೆಂಕಿಗೆ ತುಪ್ಪ ಸುರಿದ ಹಾಗೆ.

ಅವರ ರಿಪೋರ್ಟುಗಳು ಇದನ್ನೇ ಹೇಳುತ್ತಿದ್ದವು. ಗುಲ್ಮ 16 ಸೆಂಟಿಮೀಟರಿಗೆ ಊದಿತ್ತು. ಪ್ಲೇಟ್‌ಲೆಟ್ 68,000ಕ್ಕೆ ಇಳಿದಿತ್ತು. ಡಾಪ್ಲರ್‌ನಲ್ಲಿ ಪೋರ್ಟಲ್ ನಾಳ ಅಗಲವಾಗಿತ್ತು, ಹರಿವು ಮಂದವಾಗಿತ್ತು. ಕಾಮಾಲೆ ತೋರಿಸುವ ಬಿಲಿರುಬಿನ್ 3.4, ಲಿವರ್ ತಯಾರಿಸುವ ಪ್ರೋಟೀನಾದ ಅಲ್ಬುಮಿನ್ 2.3, ರಕ್ತ ಹೆಪ್ಪುಗಟ್ಟುವ ಅಳತೆಯಾದ ಐಎನ್‌ಆರ್ 1.7. ಸೋಡಿಯಂ 126. ಕ್ರಿಯಾಟಿನಿನ್ 2.8. ಸೋಡಿಯಂ ಲೆಕ್ಕಕ್ಕೆ ಹಿಡಿಯದ ಹಳೆಯ ಮೆಲ್ಡ್ ಸ್ಕೋರ್ (ಲಿವರ್ ಕಾಯಿಲೆ ಎಷ್ಟು ತೀವ್ರ ಅಂತ ಹೇಳುವ ಲೆಕ್ಕ) ಪ್ರಕಾರ ಅಂಕ 27. ಹೊಟ್ಟೆಯ ನೀರನ್ನು ತೆಗೆದು ನೋಡಿದೆವು. ರಕ್ತದ ಅಲ್ಬುಮಿನ್‌ಗೂ ಆ ನೀರಿನ ಅಲ್ಬುಮಿನ್‌ಗೂ ವ್ಯತ್ಯಾಸ 1.6. ಅದು 1.1ಕ್ಕಿಂತ ಜಾಸ್ತಿ ಇದ್ದರೆ ನೀರಿಗೆ ಪೋರ್ಟಲ್ ಒತ್ತಡವೇ ಕಾರಣ. ಆ ನೀರಲ್ಲಿ ನ್ಯೂಟ್ರೊಫಿಲ್ ಕೋಶಗಳು 410 ಇದ್ದವು. 250 ದಾಟಿದರೆ ಸೋಂಕು ಅಂತಲೇ ಹಿಡಿಯಬೇಕು. ಜ್ವರ ಇರಲಿಲ್ಲ, ಹೊಟ್ಟೆನೋವೂ ಅಷ್ಟಾಗಿ ಇರಲಿಲ್ಲ. ಸಿರೋಸಿಸ್ ರೋಗಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಅಡ್ಮಿಟ್ ಆದರೆ ಮೊದಲ ದಿನವೇ ಆ ನೀರನ್ನು ಪರೀಕ್ಷೆಗೆ ಕಳಿಸಬೇಕು ಅಂತ ಹೇಳುವುದು ಇದಕ್ಕೇ.

ಮೂತ್ರದ ಪರೀಕ್ಷೆಯಲ್ಲಿ ರಕ್ತ ಇಲ್ಲ, ಪ್ರೋಟೀನ್ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಸರಿಯಾಗಿವೆ. ಮೂತ್ರದಲ್ಲಿ ಸೋಡಿಯಂ ಬರೀ 8. ಕಿಡ್ನಿ ಉಪ್ಪಿನ ಒಂದೊಂದು ಕಾಳನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು. ಬಾಯಾರಿದ ಕಿಡ್ನಿ ಮಾಡುವ ಕೆಲಸ ಅದು. ಆದರೆ ಮನುಷ್ಯನ ಹೊಟ್ಟೆಯಲ್ಲಿ ಲೀಟರುಗಟ್ಟಲೆ ನೀರು!

ಇದನ್ನು ಅವರಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದೆ. ಮೂರನೇ ದಿನ ಅವರ ಕೆಲಸವೇ ನೆನಪಾಯಿತು. ಹಾಸಿಗೆ ಪಕ್ಕ ಕೂತು ಕೇಳಿದೆ, "ಯಜಮಾನ್ರೇ, ಒಂದು ಕಾಲುವೆ ಇದೆ ಅಂದ್ಕೊಳ್ಳಿ. ನಡುವೆ ಒಂದು ದೊಡ್ಡ ತೋಟ. ತೋಟದ ನೀರು ಆಚೆ ಹೋಗೋ ಮೋರಿಯಲ್ಲಿ ಹೂಳು ತುಂಬಿದೆ. ಆದರೂ ತೋಟದವನು ಕಾಲುವೆಯಿಂದ ತನ್ನ ಕಡೆಗೆ ಎಲ್ಲಾ ಮಡೆಗಳನ್ನೂ ತೆರೆದಿಟ್ಟಿದ್ದಾನೆ. ಏನಾಗುತ್ತೆ?"

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ತೋಟ ಕೊಳೀತದ. ಕೊನೇ ಗದ್ದೆ ಒಣಗ್ತದ. ಕೆರಿ ತುಂಬಿದ್ರೂ ಅಷ್ಟೇ ರೀ."

ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ನನಗೆ ಹೇಳಿಕೊಟ್ಟಿಲ್ಲ. ತೋಟ ಅಂದರೆ ಕರುಳು. ಹೂಳು ತುಂಬಿದ ಮೋರಿ ಅಂದರೆ ಲಿವರ್. ಕೊನೇ ಗದ್ದೆ ಅಂದರೆ ಕಿಡ್ನಿ. ರಕ್ತವೆಲ್ಲ ಕರುಳಿನ ಅಗಲ ನಾಳಗಳಲ್ಲಿ ನಿಂತರೆ ಕಿಡ್ನಿಗೆ ಸಾಕಷ್ಟು ಬರುವುದಿಲ್ಲ. ಮೈಯಲ್ಲಿ ನೀರೇ ಇಲ್ಲ ಅಂತ ಕಿಡ್ನಿ ತಿಳಿಯುತ್ತದೆ. ಉಪ್ಪು, ನೀರು ಹಿಡಿದಿಡಿಸುವ ರೆನಿನ್, ಆಲ್ಡೋಸ್ಟಿರೋನ್, ವ್ಯಾಸೋಪ್ರೆಸಿನ್ ಎಲ್ಲವೂ ಏರುತ್ತವೆ. ಉಪ್ಪೂ ನೀರೂ ಮೈಯಲ್ಲೇ ಉಳಿಯುತ್ತವೆ. ಉಳಿದದ್ದು ಒತ್ತಡ ಇರುವ ಕಡೆಯಿಂದ ಸೋರಿ ಹೊಟ್ಟೆ ಸೇರುತ್ತದೆ. ಕಿಡ್ನಿಗೆ ಮಾತ್ರ ಅದು ಸಿಗುವುದೇ ಇಲ್ಲ.

ಇಂಥ ಹೊತ್ತಿನಲ್ಲಿ ಅವರಿಗೆ ಮೂರು ಪೆಟ್ಟು ಒಟ್ಟಿಗೆ ಬಿದ್ದಿದ್ದವು. ಒಂದು ಟೆಲ್ಮಿಸಾರ್ಟನ್. ಇಳಿದ ಬಿಪಿಯನ್ನು ಅಷ್ಟೋ ಇಷ್ಟೋ ಹಿಡಿದು ನಿಲ್ಲಿಸಿದ್ದು ನಾಳಗಳನ್ನು ಬಿಗಿಮಾಡುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು. ಈ ಮಾತ್ರೆ ಅದರ ಕೈಯನ್ನೇ ಕಟ್ಟುತ್ತದೆ. ಎರಡು ಡೈಕ್ಲೋಫಿನ್ಯಾಕ್. ರಕ್ತ ಕಡಿಮೆ ಆದಾಗ ಕಿಡ್ನಿ ತನ್ನ ಬಾಗಿಲನ್ನು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದಿಂದ ತೆರೆದಿಟ್ಟುಕೊಳ್ಳುತ್ತದೆ. ನೋವಿನ ಮಾತ್ರೆ ಅದನ್ನು ತಯಾರಾಗಲು ಬಿಡುವುದಿಲ್ಲ. ನಿಮಗೋ ನನಗೋ ಏಳು ದಿನ ತಿಂದರೆ ಕಿಡ್ನಿಗೆ ಬಹುಶಃ ಏನೂ ಆಗುವುದಿಲ್ಲ. ಇವರಿಗೆ ಅದೇ ಕೊನೆಯ ಬಾಗಿಲಾಗಿತ್ತು. ಮೂರು ಹೊಟ್ಟೆಯ ಸೋಂಕು. ಅದು ನೈಟ್ರಿಕ್ ಆಕ್ಸೈಡನ್ನು ಇನ್ನೂ ಏರಿಸಿತ್ತು.

ಬಿಪಿ ಮಾತ್ರೆ, ನೋವಿನ ಮಾತ್ರೆ, ನೀರಿಳಿಸುವ ಮಾತ್ರೆ ಎಲ್ಲವನ್ನೂ ಬಂದ ದಿನವೇ ನಿಲ್ಲಿಸಿದ್ದೆವು. ಸೋಂಕಿಗೆ ಸೆಫೋಟಾಕ್ಸಿಮ್ ಎಂಬ ಆಂಟಿಬಯೊಟಿಕ್ ಶುರು ಮಾಡಿದೆವು. ಜೊತೆಗೆ ಅಲ್ಬುಮಿನ್: ಮೊದಲ ದಿನ ಕಿಲೋಗೆ 1.5 ಗ್ರಾಂ ಲೆಕ್ಕ, ಮೂರನೇ ದಿನ ಕಿಲೋಗೆ 1 ಗ್ರಾಂ. ಈ ಲೆಕ್ಕ 1999ರ ಒಂದು ಸ್ಪ್ಯಾನಿಷ್ ಅಧ್ಯಯನದ್ದು. ಈ ಸೋಂಕು ಇದ್ದವರಿಗೆ ಬರೀ ಆಂಟಿಬಯೊಟಿಕ್ ಕೊಟ್ಟಾಗ ನೂರಕ್ಕೆ 33 ಜನರ ಕಿಡ್ನಿ ಕೆಟ್ಟಿತ್ತು. ಅಲ್ಬುಮಿನ್ ಸೇರಿಸಿದಾಗ ಅದು 10ಕ್ಕೆ ಇಳಿಯಿತು. ಬಾಟಲಿಯೊಂದಕ್ಕೆ ಸಾವಿರಾರು ರೂಪಾಯಿ. "ಇದು ಬರೀ ಪ್ರೋಟೀನ್ ನೀರು ಅಲ್ವಾ ಸರ್, ಮೊಟ್ಟೆ ತಿನ್ನಿಸಿದರೆ ಆಗಲ್ವಾ?" ಅಂತ ಮಗ ಕೇಳಿದ. ದುಡ್ಡು ಹೊಂದಿಸುವವನು ಕೇಳಬೇಕಾದ ಪ್ರಶ್ನೆಯೇ ಅದು. ಮೊಟ್ಟೆಯೂ ಬೇಕು, ಸ್ನಾಯು ಉಳಿಯಲು. ಆದರೆ ಇಂದು, ಈಗ ನಾಳದೊಳಗೆ ರಕ್ತದ ನೀರನ್ನು ಹಿಡಿದಿಡಲು ಅಲ್ಬುಮಿನ್ ನೇರವಾಗಿ ರಕ್ತಕ್ಕೇ ಹೋಗಬೇಕು.

ಎರಡು ದಿನ ಕಾದೆವು. ಕ್ರಿಯಾಟಿನಿನ್ 3.1 ಆಯಿತು. ಮೂತ್ರ ದಿನಕ್ಕೆ 300 ಮಿಲಿಲೀಟರ್. ಕಾಲುವೆಗೆ ನೀರು ಬಿಟ್ಟರೆ ಸಾಲದು, ತೋಟದ ಮಡೆ ಇಳಿಸಬೇಕು ಅನ್ನುವುದು ಖಚಿತವಾಯಿತು. ಟರ್ಲಿಪ್ರೆಸಿನ್ ಶುರು ಮಾಡಿದೆವು. ಕರುಳಿನ ನಾಳಗಳನ್ನು ಹೆಚ್ಚಾಗಿ ಬಿಗಿಮಾಡುವ ಔಷಧಿ ಇದು. ದಿನಕ್ಕೆ 2 ಮಿಲಿಗ್ರಾಂ, ನಿಧಾನವಾಗಿ ಡ್ರಿಪ್‌ನಲ್ಲಿ. ಹೃದಯಕ್ಕೋ ಬೆರಳಿಗೋ ರಕ್ತ ಕಡಿಮೆ ಆಗುವ ಅಪಾಯ ಇದೆ. ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವೂ ಇದೆ. ಹಾಗಾಗಿ ಇಸಿಜಿ, ಆಮ್ಲಜನಕ, ಬೆರಳಿನ ಬಣ್ಣ ಎಲ್ಲವನ್ನೂ ನೋಡುತ್ತಲೇ ಇದ್ದೆವು.

ಮಾರನೇ ದಿನ ಬೆಳಗ್ಗೆ ಮಗಳು ಗಾಬರಿಯಿಂದ ಬಂದರು. "ಸರ್, ಅಪ್ಪನ ಕೈ ಮೊದಲಿನ ಹಾಗೆ ಬಿಸಿ ಇಲ್ಲ. ಮುಖವೂ ಬಿಳಿಚಿಕೊಂಡಿದೆ." ಓಡಿ ಹೋಗಿ ನೋಡಿದೆ. ಬೆರಳಿನ ಬಣ್ಣ ಸರಿಯಾಗಿತ್ತು, ನೋವಿರಲಿಲ್ಲ. ಕೈ ಮಾಮೂಲಿ ಕೈಯ ಹಾಗಿತ್ತು ಅಷ್ಟೇ. ಬಿಪಿ 108/64. ಸರಾಸರಿ ಒತ್ತಡ 67ರಿಂದ 79ಕ್ಕೆ ಏರಿತ್ತು. ಎಷ್ಟೋ ತಿಂಗಳಿಂದ ಆ ಬಿಸಿ ಕೈಯನ್ನೇ ಅವರು ಆರೋಗ್ಯ ಅಂದುಕೊಂಡಿದ್ದರು.

ಹೊಟ್ಟೆ ತೊಳಸಿ ಎರಡು ದಿನ ಭೇದಿ ಆಯಿತು. ಈ ಔಷಧಿಗೆ ಅದು ಸಾಮಾನ್ಯ. ಐದನೇ ದಿನ ಕ್ರಿಯಾಟಿನಿನ್ 2.4. ಏಳನೇ ದಿನ 1.9. ಹತ್ತನೇ ದಿನ 1.2, ಮೂತ್ರ 1,400 ಮಿಲಿಲೀಟರ್. ಸೋಂಕಿನ ಕೋಶಗಳೂ ಇಳಿದಿದ್ದವು. ಈ ಚಿಕಿತ್ಸೆಗೆ ಎಲ್ಲರ ಕಿಡ್ನಿಯೂ ಹೀಗೆ ಮಾತು ಕೇಳುವುದಿಲ್ಲ. ಕ್ರಿಯಾಟಿನಿನ್ ತೀರಾ ಏರುವ ಮೊದಲೇ ಶುರು ಮಾಡಿದ್ದು ಇವರಿಗೆ ಸಹಾಯವಾಯಿತು ಅಂತ ನನ್ನ ನಂಬಿಕೆ.

ನಮ್ಮ ಕಿರಿಯ ವೈದ್ಯರೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ನೈಟ್ರಿಕ್ ಆಕ್ಸೈಡೇ ತಪ್ಪು ಮಾಡುತ್ತಿದೆ ಅಂದರೆ ಅದನ್ನೇ ತಡೆಯಬಹುದಲ್ವಾ? ತಡೆಯುವ ರಾಸಾಯನಿಕಗಳಿವೆ. ರೋಗಿಗಳಲ್ಲಿ ಪ್ರಯೋಗ ಮಾಡಿಯೂ ನೋಡಿದ್ದಾರೆ, ಬಿಪಿ ಏರುತ್ತದೆ. ಆದರೆ ಲಿವರ್ ಒಳಗೆ ಮೊದಲೇ ಬರಗಾಲ ಇದೆಯಲ್ಲ. ಅಲ್ಲೂ ತಡೆದರೆ ಬಿಗಿತ ಜಾಸ್ತಿ ಆಗಬಹುದು. ಹೋಗಲಿ, ಲಿವರ್‌ಗೆ ಅಂತ ನೈಟ್ರೇಟ್ ಮಾತ್ರೆ ಕೊಟ್ಟರೆ? ಎದೆನೋವಿಗೆ ಕೊಡುತ್ತೇವಲ್ಲ, ಅದೇ. ಅದು ಮೈಯೆಲ್ಲ ಹರಡಿ ಇರುವ ಬಿಪಿಯನ್ನೂ ಕೆಡವುತ್ತದೆ. ಹುಟ್ಟಿದ ಜಾಗದಲ್ಲೇ ಕೆಲಸ ಮಾಡಿ ಮಾಯವಾಗುವ ಅನಿಲವನ್ನು ಬಾಯಿಂದ ಕೊಟ್ಟು ಒಂದೇ ಅಂಗಕ್ಕೆ ಮುಟ್ಟಿಸುವುದು ಕಷ್ಟ. ಲಿವರ್ ಒಳಗೆ ಮಾತ್ರ ನೈಟ್ರಿಕ್ ಆಕ್ಸೈಡ್ ಏರಿಸುವ ಆಸೆಯಿಂದ ಕೊಲೆಸ್ಟ್ರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆಗಳನ್ನು ಪರೀಕ್ಷಿಸಿದ್ದಾರೆ. ಪೋರ್ಟಲ್ ಒತ್ತಡ ಸ್ವಲ್ಪ ಇಳಿದದ್ದೂ ಉಂಟು. ಆದರೆ ಹೊಟ್ಟೆಯಲ್ಲಿ ನೀರು ತುಂಬುವ ಹಂತ ಮುಟ್ಟಿದವರಿಗೆ ಸಿಮ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ಮತ್ತು ರಿಫಾಕ್ಸಿಮಿನ್ ಎಂಬ ಆಂಟಿಬಯೊಟಿಕ್ ಸೇರಿಸಿ ಕೊಟ್ಟ ಯುರೋಪಿನ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ.

ಕಾರ್ವೆಡಿಲಾಲ್ ಎಂಬ ಮಾತ್ರೆ ಇಂದು ಪೋರ್ಟಲ್ ಒತ್ತಡಕ್ಕೆ ನಮ್ಮ ಮೊದಲ ಆಯ್ಕೆ. ಆದರೆ ಮೇಲಿನ ಬಿಪಿ 90ರ ಆಸುಪಾಸಿನಲ್ಲಿ ಇರುವವರಿಗೆ, ಕಿಡ್ನಿ ಈಗಷ್ಟೇ ಚೇತರಿಸಿದವರಿಗೆ ಅದನ್ನು ಕೊಡುವ ಧೈರ್ಯ ಮಾಡಲಿಲ್ಲ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ನಾಳಗಳು ದಪ್ಪವಾಗಿ ಉಬ್ಬಿದ್ದವು. ಅವು ಒಡೆಯದಿರಲಿ ಅಂತ ರಬ್ಬರ್ ಬ್ಯಾಂಡ್ ಹಾಕಿ ಬಿಗಿದೆವು. ಸೋಂಕು ಮರಳದಿರಲಿ ಅಂತ ದಿನಕ್ಕೊಂದು ನಾರ್‌ಫ್ಲಾಕ್ಸಾಸಿನ್ ಬರೆದೆವು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ಹಪ್ಪಳ ಬೇಡ. ಬೇಳೆ, ಮೊಟ್ಟೆ, ಮೊಸರು ಬೇಕು. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಬೇಕು. ಮಂಡಿ ನೋವಿಗೆ ಕಡಿಮೆ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು, ದಿನಕ್ಕೆ 2 ಗ್ರಾಂ ದಾಟಬಾರದು. "ಲಿವರ್‌ಗೆ ಪ್ಯಾರಾಸಿಟಮಾಲ್ ವಿಷ" ಅಂತ ಹೆದರಿ ಜನ ಡೈಕ್ಲೋಫಿನ್ಯಾಕ್ ತಿನ್ನುತ್ತಾರೆ. ಸಿರೋಸಿಸ್‌ನಲ್ಲಿ ಡೈಕ್ಲೋಫಿನ್ಯಾಕಿಗಿಂತ ಪ್ಯಾರಾಸಿಟಮಾಲ್ ಎಷ್ಟೋ ವಾಸಿ.

ಹದಿನಾರನೇ ದಿನ ಮನೆಗೆ ಹೋದರು. ಮೆಲ್ಡ್ ಅಂಕ 17ಕ್ಕೆ ಇಳಿದಿತ್ತು. ಮೋರಿಯ ಹೂಳು ಹಾಗೇ ಇದೆ. ಅದಕ್ಕೆ ಲಿವರ್ ಕಸಿ ಒಂದೇ ದಾರಿ. ರಾಜ್ಯದ ಅಂಗಾಂಗ ಕಸಿ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿದ್ದೇವೆ. ಮಗಳು ತನ್ನ ಲಿವರ್‌ನ ಭಾಗ ಕೊಡುವುದಾಗಿ ಹೇಳಿದ್ದಾರೆ, ಅವರ ಪರೀಕ್ಷೆಗಳೂ ನಡೆಯುತ್ತಿವೆ.

ಹೋದ ವಾರ ಇಬ್ಬರೂ ಬಂದಿದ್ದರು. ನೋಟ್‌ಬುಕ್ಕಿನಲ್ಲಿ ಈಗ ದಿನಕ್ಕೊಂದು ಸಾಲು. ಬಿಪಿ, ತೂಕ, ಮೂತ್ರದ ಲೆಕ್ಕ. ಬರವಣಿಗೆ ಮಗಳದಲ್ಲ, ಅವರದೇ. ನೀರಿನ ಸರದಿ ಬರೆಯುತ್ತಿದ್ದ ರೀತಿಯಲ್ಲೇ ಗೆರೆ ಎಳೆದು ಬರೆದಿದ್ದಾರೆ. ಕೊನೆಯ ಸಾಲು: 102/60, 57 ಕಿಲೋ, ಒಂದೂಕಾಲು ಲೀಟರ್.

"ಕಸಿ ಆದ್ಮೇಲೆ ಈ ನಾಳ ಎಲ್ಲ ಮೊದಲಿನ ಹಾಗೆ ಆಗ್ತವಾ ಸರ್?" ಮಗಳು ಕೇಳಿದರು.

ನಿಧಾನಕ್ಕೆ, ತಿಂಗಳುಗಳ ಮೇಲೆ ಬಹುಪಾಲು ಸರಿಹೋಗುತ್ತದೆ ಅಂದೆ. ಬಿಪಿ ಮತ್ತೆ ಏರಬಹುದು, ಆಗ ಮತ್ತೆ ಬಿಪಿ ಮಾತ್ರೆ ಬೇಕಾಗಬಹುದು ಅಂತಲೂ ಹೇಳಿದೆ.

"150 ಬಂದ್ರೆ ಊರಿಗೆಲ್ಲ ಹೋಳಿಗೆ ಹಾಕಿಸ್ತೀನಿ," ಅಂದರು ಯಜಮಾನರು.